ಕಡಲಿಗೆ ಕೈ ಹಾಕುವವರ ಹೊಣೆ

ಒಳ್ಳೆಯ ಕೆಲಸಕ್ಕೆ ಯಾರ ಅಪ್ಪಣೆ ಬೇಕು ಎಂದು ನಾವು ಸಹಜವಾಗಿ ಕೇಳುತ್ತೇವೆ. ಬಿದ್ದವನನ್ನು ಎತ್ತುವಾಗ, ಬಾಯಾರಿದವನಿಗೆ ನೀರು ಕೊಡುವಾಗ ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಮಾಡುವ ಒಳಿತು ನಮ್ಮ ಕಣ್ಣಳತೆಯನ್ನು ಮೀರಿ, ನಾವೆಂದೂ ಕಾಣದ ಜನರ ಅನ್ನ-ನೀರಿನೊಳಗೆ ಹೋಗಿ ಸೇರುವಂಥದಾದರೆ ಸದುದ್ದೇಶವೊಂದೇ ಸಾಕಾದೀತೆ?

ಕೊಲ್ಹಾಪುರ ಜಿಲ್ಲೆಯ ಕೊರೋಚಿಯ ಆಸುಪಾಸಿನ ನಮಗೆ ಈ ಪ್ರಶ್ನೆ ಹೊಸದಲ್ಲ. ಮಳೆಗಾಲ ಜೋರಾಯಿತೆಂದರೆ ಕೊಲ್ಹಾಪುರದ ರಾಜಾರಾಮ ಬಾಂದಾರದಲ್ಲಿ ನೀರು ಎಷ್ಟು ಅಡಿಗೆ ಬಂತು ಎಂಬುದೇ ಮನೆಮನೆಯ ಮಾತು. 39 ಅಡಿಗೆ ಎಚ್ಚರಿಕೆ, 43 ಅಡಿಗೆ ಅಪಾಯ. ರಾಧಾನಗರಿ ಅಣೆಕಟ್ಟಿನ ಗೇಟು ತೆರೆದ ಸುದ್ದಿ ಕೇಳಿದೊಡನೆ ಪಂಚಗಂಗೆಯ ದಂಡೆಯವರು ದನಕರು ಬಿಚ್ಚಿಕೊಂಡು ಎತ್ತರದ ಜಾಗ ನೋಡುತ್ತಾರೆ. 2019ರ ಮಹಾಪೂರದ ಮೇಲಂತೂ ಕೆಳಗೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ಎಷ್ಟು ನೀರು ನಿಲ್ಲಿಸಬೇಕೆಂಬ ವಾದ ಮಹಾರಾಷ್ಟ್ರ, ಕರ್ನಾಟಕ ಎರಡು ರಾಜ್ಯಗಳ ನಡುವೆ ಮತ್ತೆ ಮತ್ತೆ ಏಳುತ್ತಲೇ ಇದೆ. ವಾದದಲ್ಲಿ ಯಾರು ಸರಿ ಎಂಬುದನ್ನು ಲೆಕ್ಕ ಬಲ್ಲವರು ಹೇಳಲಿ. ಅದರ ಅಡಿಯಲ್ಲಿರುವ ನೋವು ಮಾತ್ರ ಎರಡೂ ಕಡೆ ಒಂದೇ. ನಮ್ಮನ್ನು ಕೇಳಿದರೇ? ಮೊದಲೇ ತಿಳಿಸಿದರೇ? ನದಿಗಾದರೆ ದಂಡೆಗಳಿವೆ, ಹೆಸರುಳ್ಳ ಊರುಗಳಿವೆ, ದೂರು ಕೇಳಲು ನ್ಯಾಯಮಂಡಳಿಯಿದೆ. ಕಡಲಿನ ಪರವಾಗಿ ಕೇಳುವವರು ಯಾರು?

ಆ ಕಡಲೀಗ ಬಿಸಿಯೇರುತ್ತಿದೆ. ಹವಳದ ಜೀವಿ ತನ್ನ ಮೈಯೊಳಗೆ ನೆಲೆಸಿದ ಪಾಚಿ ಉಣಿಸುವ ಅನ್ನದಿಂದ ಬದುಕುವಂಥದು. ಬೇಸಿಗೆಯ ವಾಡಿಕೆಯ ಕಾವಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಕಾವು ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದ ಹವಳ 1998, 2010, 2016 ಮತ್ತು 2024ರಲ್ಲಿ ಹೀಗೆ ಬೆಳ್ಳಗಾಯಿತು. ಇದನ್ನು ಕಂಡ ಮನುಷ್ಯ ಕೈಕಟ್ಟಿ ಕೂತಿಲ್ಲ. ಆಸ್ಟ್ರೇಲಿಯದ ಹವಳದ ದಿಬ್ಬಗಳ ಮೇಲೆ ಕಡಲ ನೀರನ್ನೇ ಸಣ್ಣ ಹನಿಯಾಗಿ ಗಾಳಿಗೆ ಚಿಮ್ಮಿಸಿ, ಮೋಡಗಳನ್ನು ಇನ್ನಷ್ಟು ಬೆಳ್ಳಗಾಗಿಸಿ ನೆರಳು ಕೊಡುವ ಪ್ರಯೋಗ 2020ರಲ್ಲಿ ಆರಂಭವಾಯಿತು. ಕಡಲಿಗೆ ಕಬ್ಬಿಣ ಸುರಿದು ಪಾಚಿ ಬೆಳೆಸಿ, ಅದರ ಮೂಲಕ ಗಾಳಿಯ ಇಂಗಾಲವನ್ನು ತಳಕ್ಕಿಳಿಸುವ ಆಲೋಚನೆ ಅದಕ್ಕೂ ಹಳೆಯದು.

ಆ ಆಲೋಚನೆಯ ಪರೀಕ್ಷೆಯಲ್ಲಿ ನಮ್ಮ ದೇಶದ ಪಾಲೂ ಇದೆ. 2009ರ ಜನವರಿಯಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರೂ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಸಂಸ್ಥೆಯವರೂ ಕೂಡಿ ‘ಲೋಹಾಫೆಕ್ಸ್’ ಪ್ರಯೋಗಕ್ಕಾಗಿ ಪೋಲಾರ್‌ಸ್ಟೆರ್ನ್ ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೊರಟರು. ಹಿಂದಿನ ವರ್ಷವಷ್ಟೇ ಜೀವವೈವಿಧ್ಯ ಒಪ್ಪಂದದ ದೇಶಗಳು ಬಾನ್ ನಗರದಲ್ಲಿ ಸೇರಿ ಇಂಥ ಕೆಲಸಕ್ಕೆ ಸದ್ಯಕ್ಕೆ ಕೈ ಹಾಕಬಾರದೆಂದು ಹೇಳಿದ್ದವು. ಆಕ್ಷೇಪ ಎದ್ದಿತು, ಹಡಗು ನಡುಗಡಲಿನಲ್ಲಿದ್ದಾಗಲೇ ಜರ್ಮನ್ ಸರ್ಕಾರ ಪ್ರಯೋಗ ತಡೆದು, ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಿ, ಆಮೇಲೆ ಒಪ್ಪಿಗೆ ಕೊಟ್ಟಿತು. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬಿತ್ತು, ಪಾಚಿಯೂ ಬೆಳೆಯಿತು. ಆದರೆ ಗಟ್ಟಿ ಚಿಪ್ಪಿನ ಡಯಾಟಮ್ ಪಾಚಿಗೆ ಬೇಕಾದ ಸಿಲಿಕಾ ಆ ನೀರಿನಲ್ಲಿ ತೀರಿಹೋಗಿತ್ತು. ಬೆಳೆದ ಮೆತ್ತನೆಯ ಪಾಚಿಯನ್ನು ಕೋಪೆಪಾಡ್ ಎಂಬ ಪುಟ್ಟ ಜೀವಿಗಳು ಮೇಯ್ದುಬಿಟ್ಟವು. ತಳಕ್ಕಿಳಿದ ಇಂಗಾಲ ತೀರ ಕಡಿಮೆ. ಅದನ್ನು ಆ ವಿಜ್ಞಾನಿಗಳು ಮುಚ್ಚಿಡದೆ ಲೋಕಕ್ಕೆ ಹೇಳಿದರು. ಇಂಗಾಲ ಇಳಿಯಲಿಲ್ಲ ಎಂಬುದಕ್ಕಿಂತ, ತಡೆದಾಗ ನಿಂತರು, ನಿರೀಕ್ಷೆ ಹುಸಿಯಾದಾಗ ಹಾಗೆಂದೇ ಹೇಳಿದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

2012ರಲ್ಲಿ ಕೆನಡಾದ ಪಶ್ಚಿಮ ತೀರದಾಚೆ ನಡೆದದ್ದು ಬೇರೆ ಬಗೆ. ಸಾಲ್ಮನ್ ಮೀನು ಹೆಚ್ಚುತ್ತದೆಂದು ನಂಬಿ ದ್ವೀಪದ ಹಳ್ಳಿಯೊಂದು ಹಣ ಹೂಡಿತು, ಸುಮಾರು 100 ಟನ್ ಕಬ್ಬಿಣದ ಲವಣ ಕಡಲಿಗೆ ಬಿತ್ತು, ಲೋಕಕ್ಕೆ ತಿಳಿದದ್ದು ಆಮೇಲೆ. ಹಳ್ಳಿ ಒಪ್ಪಿತ್ತು, ನಿಜ. ಒಂದು ಹಳ್ಳಿಯ ಒಪ್ಪಿಗೆ ಇಡೀ ಕಡಲಿನ ಒಪ್ಪಿಗೆಯಾದೀತೆ?

ಹಾಗೆಂದು ದೂರದ ಒಪ್ಪಂದ, ಘೋಷಣೆಗಳಷ್ಟರಿಂದಲೇ ನ್ಯಾಯ ಸಿಗುವುದೂ ಇಲ್ಲ. ಸಹ್ಯಾದ್ರಿಯ ಘಟ್ಟ ಇಳಿದರೆ ಸಿಗುವ ಮಾಲವಣದಲ್ಲಿ, ಸಿಂಧುದುರ್ಗ ಕೋಟೆಯ ಸುತ್ತಲೂ ಹವಳವಿದೆ. 1987ರಲ್ಲಿ ಅಲ್ಲಿ ಸಾಗರ ಅಭಯಾರಣ್ಯ ಘೋಷಣೆಯಾದ ಮೇಲೆ ಮೀನುಗಾರರು ಬಹುಕಾಲ ಅದನ್ನು ವಿರೋಧಿಸಿದರು. ಅವರಿಗೆ ಹವಳದ ಮೇಲೇನು ಹಗೆ? ತಲೆಮಾರುಗಳಿಂದ ಬಲೆ ಬೀಸಿದ ನೀರು ಕೈತಪ್ಪೀತೆಂಬ ಅಂಜಿಕೆ ಅದು. ಕಡಲನ್ನು ದಿನವೂ ಓದುವವರನ್ನು ಕೊನೆಗೆ ಕೇಳುವ ರೂಢಿ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಕಾಪಾಡುವ ಕೆಲಸವೂ ಕಸಿದುಕೊಳ್ಳುವಂತೆಯೇ ಕಾಣುತ್ತದೆ.

ಏನೂ ಮಾಡದೆ ಇರುವುದೂ ಒಂದು ಕೃತ್ಯವೇ. ಹವಳ ನಮ್ಮ ಚರ್ಚೆ ಮುಗಿಯುವತನಕ ಕಾಯಲಾರದು. ಅದಕ್ಕೇ ಪ್ರಯೋಗಗಳು ನಡೆಯಲಿ. ಆದರೆ ನಡೆಸುವವರು ಮೊದಲು ಕೇಳಲಿ, ಬೇಡವೆಂದರೆ ನಿಲ್ಲಲಿ, ಫಲ ಹೇಗೇ ಇರಲಿ ಬಹಿರಂಗವಾಗಿ ಹೇಳಲಿ, ಹಾನಿಯಾದರೆ ಅದರ ಹೊಣೆಯನ್ನು ತಲೆಯ ಮೇಲೆ ಹೊರಲಿ. ಮದ್ದು ಸಿಕ್ಕೀತೆಂಬ ಭರವಸೆಯಲ್ಲಿ ಹೊಗೆ ಉಗುಳುವುದನ್ನು ಮುಂದುವರಿಸುವ ಸ್ವಾತಂತ್ರ್ಯ ಯಾರಿಗೂ ಸಿಗದಿರಲಿ. ಈ ಮಾತನ್ನು ದೂರದ ವಿಜ್ಞಾನಿಗಳಿಗೆ ಹೇಳುವ ನಾವು ನಮ್ಮ ಪಂಚಗಂಗೆಗೆ ಕಾರ್ಖಾನೆಯ ಬಣ್ಣದ ನೀರು ಬಿಡುವಾಗ ಅದು ಸೇರುವ ಕೃಷ್ಣೆಯ ಕೆಳಗಿನ ಊರುಗಳನ್ನು ಕೇಳಿದ್ದುಂಟೇ? ಕಡಲನ್ನು ಕೆಡಿಸುವಾಗ ಯಾರೂ ಅಪ್ಪಣೆ ಕೇಳಲಿಲ್ಲ. ಸರಿಪಡಿಸುವಾಗಲಾದರೂ ಕೇಳುವುದನ್ನು ಕಲಿತರೆ, ಕಡಲು ಉಳಿಯುವುದರ ಜೊತೆಗೆ ಅದನ್ನು ಕೆಡಿಸಿದ ನಮ್ಮ ಸ್ವಭಾವವೂ ಸ್ವಲ್ಪ ತಿದ್ದಿಕೊಂಡೀತು.