ಐದು ಕೆಲಸದ ಒಂದು ಯಂತ್ರ

ಮರ ಕೊಯ್ಯುವ ಗರಗಸ, ಮೈ ನುಣುಪು ಮಾಡುವ ರಂಧಾ (ಊರಿನಲ್ಲಿ ನಾವು ಹತ್ತರಿ ಅನ್ನುತ್ತಿದ್ದದ್ದು), ಹಲಗೆಯ ದಪ್ಪವನ್ನು ಉದ್ದಕ್ಕೂ ಒಂದೇ ಸಮ ಮಾಡುವ ಥಿಕ್‌ನೆಸರ್, ಅಂಚಿಗೆ ನಕ್ಷೆ ಕೊರೆಯುವ ಸ್ಪಿಂಡಲ್, ಚೌಕಟ್ಟಿನ ಜೋಡಣೆಗೆ ತೂತು ತೆಗೆಯುವ ಮಾರ್ಟೈಸರ್. ಈ ಐದನ್ನೂ ಒಂದೇ ಕಬ್ಬಿಣದ ಮೈಗೆ ಕೂರಿಸಿದ ಯಂತ್ರವನ್ನು ಮಾರುವವರು ಕಾಂಬಿನೇಷನ್ ಮಷಿನ್ ಎಂದು ಕರೆಯುತ್ತಾರೆ. ಆಲೋಚನೆ ಹೊಸದಲ್ಲ. ಅಮೆರಿಕದಲ್ಲಿ 1947ರಲ್ಲೇ ಶಾಪ್‌ಸ್ಮಿತ್ ಎಂಬ ಇಂಥದೊಂದು ಯಂತ್ರ ಮಾರುಕಟ್ಟೆಗೆ ಬಂದಿತ್ತು. ಮನೆಯ ಗ್ಯಾರೇಜಿನ ಒಂದು ಮೂಲೆಯಲ್ಲಿ ಇಡೀ ಕಾರ್ಖಾನೆ ಎಂಬುದು ಅದರ ಆಕರ್ಷಣೆ. ಚದರಡಿಯ ಲೆಕ್ಕದಲ್ಲೇ ಬದುಕನ್ನು ಅಳೆಯುವ ಥಾಣೆ, ಕಲ್ಯಾಣ್ ಕಡೆಯ ನಮಗೆ ಇದಕ್ಕಿಂತ ಮೋಹಕವಾದ ಮಾತು ಇನ್ನೇನಿದೆ?

ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಬಾಡಿಗೆ ಗಾಲಾ ಇಟ್ಟುಕೊಂಡಿರುವ ಕುಂದಾಪುರ ಕಡೆಯ ಆಚಾರ್ಯರೊಬ್ಬರು ಅದನ್ನು ಕೊಳ್ಳಲೋ ಬೇಡವೋ ಎಂದು ನನ್ನನ್ನು ಕೇಳಿದರು. ನಮ್ಮ ಮನೆಯ ದೇವರ ಮಂಟಪ ಮಾಡಿದವರು ಅವರೇ. ನನಗೆ ಮರದ ಕೆಲಸ ತಿಳಿಯದು. ಆದರೆ ನವಿ ಮುಂಬಯಿಯ ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಮುಂದೆ ಕೂರುವವನು ಎಂಬ ಖ್ಯಾತಿ ಇದೆಯಲ್ಲ. "ನೀವು ಲೆಕ್ಕ ಬಲ್ಲವರು ಮಾರಾಯ್ರೆ, ಒಮ್ಮೆ ಹಾಕಿ ನೋಡಿ ಹೇಳಿ" ಅಂದರು.

ಲೆಕ್ಕ ಸುಲಭ ಅಂದುಕೊಂಡೇ ಶುರುಮಾಡಿದೆ. ಬೆಲೆ, ಸಾಲದ ಕಂತು, ಕರೆಂಟು. ಮೂರು ಎಚ್‌ಪಿ ಮೋಟಾರು ಅಂದರೆ ಸುಮಾರು 2.2 ಕಿಲೋವಾಟ್. ಅದೂ ಇಡೀ ದಿನ ಓಡುವುದಿಲ್ಲ, ಹಾಗಾಗಿ ಬಿಲ್ಲು ದೊಡ್ಡ ವಿಷಯವಲ್ಲ. ಸಾಲಕ್ಕೂ ದಾರಿಯಿದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಮೊದಲ ಕಂತು 1 ಲಕ್ಷ, ಆಮೇಲೆ 2 ಲಕ್ಷ, ಶೇ. 5ರ ಬಡ್ಡಿ. ಕಾಗದದ ಮೇಲೆ ಎಲ್ಲವೂ ಸರಿ.

ತೊಡಕು ಶುರುವಾದದ್ದು ನಾನು ಗಾಲಾಕ್ಕೆ ಹೋಗಿ ಟೇಪು ಹಿಡಿದಾಗ. ಎಂಟು ಅಡಿಯ ಹಲಗೆಯನ್ನು ಥಿಕ್‌ನೆಸರಿನಲ್ಲಿ ಹಾಯಿಸಬೇಕಾದರೆ ಯಂತ್ರದ ಮುಂದೆ ಎಂಟು ಅಡಿ ಬೇಕು, ಹಿಂದೆಯೂ ಎಂಟು ಅಡಿ. ನಡುವೆ ಯಂತ್ರ ಮೂರು ಅಡಿ. ಒಟ್ಟು ಹತ್ತೊಂಬತ್ತು ಅಡಿ. ಯಂತ್ರವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ಮರ ಚಿಕ್ಕದಾಗುವುದಿಲ್ಲ. ಆಚಾರ್ಯರ ಗಾಲಾ ಉದ್ದಕ್ಕೆ ಹದಿನೈದು ಅಡಿ. ಉಳಿದ ನಾಲ್ಕು ಅಡಿ ಶಟರಿನ ಹೊರಗೆ, ಅಂದರೆ ಮಕ್ಕಳು ಶಾಲೆಗೆ ಹೋಗುವ ಓಣಿಯಲ್ಲಿ. ಐದು ಯಂತ್ರದ ಜಾಗ ಉಳಿಯುತ್ತದೆ ಎಂದು ಮಾರುವವರು ಹೇಳುವ ಮಾತಿನಲ್ಲಿ ಈ ಓಣಿಯ ಲೆಕ್ಕ ಇರುವುದಿಲ್ಲ.

ಇನ್ನೊಂದು, ಬದಲಾವಣೆಯ ಸಮಯ. ರಂಧಾ ಹೊಡೆದ ಮೇಲೆ ದಪ್ಪ ತೆಗೆಯಬೇಕಾದರೆ ಮೇಲಿನ ಟೇಬಲ್ಲುಗಳನ್ನು ಎತ್ತಬೇಕು, ಹೊಟ್ಟಿನ ಮುಚ್ಚಳ ತಿರುಗಿಸಬೇಕು, ಕೆಳಗಿನ ಹಾಸು ಮೇಲಕ್ಕೆ ತರಬೇಕು. ಮತ್ತೆ ಗರಗಸಕ್ಕೆ ಬಂದರೆ ಫೆನ್ಸ್ ಮೂಲೆಮಟ್ಟಕ್ಕೆ ಇದೆಯೋ ಇಲ್ಲವೋ ಎಂದು ಪುನಃ ನೋಡಬೇಕು. ಒಂದು ಬದಲಾವಣೆಗೆ ಹತ್ತು ನಿಮಿಷ, ದಿನಕ್ಕೆ ಎಂಟು ಸಲ ಎಂದಿಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ತೈದು ದಿನ. ಮೂವತ್ತಮೂರು ಗಂಟೆ ಬರೀ ತಿರುಪು ಸಡಿಲಿಸಿ ಬಿಗಿಮಾಡುವುದಕ್ಕೆ! ಅಂದರೆ ನಾಲ್ಕು ದಿನದ ದುಡಿಮೆ. ಸ್ವಂತ ಖುಷಿಗೆ ಭಾನುವಾರ ಸ್ಟೂಲು ಮಾಡುವವನಿಗೆ ಈ ಹತ್ತು ನಿಮಿಷ ಚಹಾ ಕುಡಿಯುವ ಬಿಡುವು. ದಿನಗೂಲಿ ಕೊಡುವವನಿಗೆ ಹಾಗಲ್ಲ. (ನಮ್ಮ ಕಂಪನಿಗಳಲ್ಲಿ ಒಬ್ಬನಿಂದಲೇ ಐದು ಕೆಲಸ ಮಾಡಿಸಿ ಅದಕ್ಕೆ ಫುಲ್ ಸ್ಟ್ಯಾಕ್ ಎಂದು ಗೌರವದ ಹೆಸರಿಡುತ್ತಾರಲ್ಲ, ಅಲ್ಲೂ ಈ ತಿರುಪಿನ ಗಂಟೆಗಳನ್ನು ಯಾರೂ ಬರೆದಿಡುವುದಿಲ್ಲ.)

ಇದಕ್ಕಿಂತ ಮುಖ್ಯವಾದದ್ದು ಮಾಲು. ನಮ್ಮ ಫ್ಲ್ಯಾಟುಗಳ ಕಪಾಟು, ಕಿಚನ್ ಟ್ರಾಲಿ, ಮಂಚ ಎಲ್ಲವೂ ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ಡಿನಿಂದ ಹುಟ್ಟುವಂಥವು. ಪ್ಲೈಗೆ ರಂಧಾ ಬೇಡ, ಥಿಕ್‌ನೆಸರ್ ಬೇಡ. ಹಾಕಿದರೆ ಅದರೊಳಗಿನ ಅಂಟು ಬ್ಲೇಡಿನ ಮೊನೆ ತಿಂದುಹಾಕುತ್ತದೆ. ಪ್ಲೈಗೆ ಬೇಕಾದದ್ದು ಇಡೀ ಹಾಳೆಯನ್ನು ನೇರ ಕೊಯ್ಯುವ ಗರಗಸ. ಈ ಯಂತ್ರದ ಪುಟ್ಟ ಟೇಬಲ್ಲಿನ ಮೇಲೆ ಆ ಹಾಳೆ ಜೋತುಬೀಳುತ್ತದೆ. ಐದರಲ್ಲಿ ನಾಲ್ಕು ಕೆಲಸ ಗಟ್ಟಿಮರಕ್ಕೆ ಸೇರಿದ್ದು. ಬಾಗಿಲ ಚೌಕಟ್ಟು, ಉಯ್ಯಾಲೆ, ದೇವರ ಮಂಟಪ. ಆಚಾರ್ಯರಿಗೆ ಇಷ್ಟದ ಕೆಲಸ ಅದು, ಅಪ್ಪನಿಂದ ಕಲಿತದ್ದು. ಗಿರಾಕಿ ಕೇಳುವುದು ಮಾತ್ರ ಪ್ಲೈ ಮತ್ತು ಲ್ಯಾಮಿನೇಟ್. ಹಾಗಾದರೆ ಈ ಯಂತ್ರವನ್ನು ಅವರು ಕೊಳ್ಳಬೇಕೆಂದಿರುವುದು ಈಗ ಮಾಡುವ ಕೆಲಸಕ್ಕೋ, ಮಾಡಬೇಕೆಂದು ಆಸೆಪಡುವ ಕೆಲಸಕ್ಕೋ? ಆ ಆಸೆಯನ್ನು ನಾನು ಹಗುರ ಮಾಡಲಾರೆ. ಆದರೆ ಕಂತನ್ನು ಆಸೆ ಕಟ್ಟುವುದಿಲ್ಲ.

ಇಲ್ಲಿಗೆ ಲೆಕ್ಕ ಮುಗಿಯಿತು, ಬೇಡ ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳುವ ಮೊದಲು ಕಾಲೇಜಿನಲ್ಲಿ ಓದಿದ್ದ ಒಂದು ವಿಷಯ ನೆನಪಾಗಿ ಪುಸ್ತಕ ತೆಗೆದೆ. ಅರಿಸ್ಟಾಟಲ್ ತನ್ನ ಪಾಲಿಟಿಕ್ಸ್ ಗ್ರಂಥದ ಆರಂಭದಲ್ಲೇ ಡೆಲ್ಫಿಯ ಚಾಕುವಿನ ಪ್ರಸ್ತಾಪ ಮಾಡುತ್ತಾನೆ. ಹಲವು ಕೆಲಸಕ್ಕೆ ಆಗುವಂತೆ ಕಮ್ಮಾರರು ಮಾಡುತ್ತಿದ್ದ ಚಾಕು ಅದು. ಪ್ರಕೃತಿ ಹಾಗೆ ಜಿಪುಣತನ ಮಾಡುವುದಿಲ್ಲ, ಒಂದೊಂದನ್ನು ಒಂದೊಂದಕ್ಕೆಂದೇ ಮಾಡುತ್ತದೆ, ಒಂದೇ ಕೆಲಸಕ್ಕಿರುವ ಉಪಕರಣವೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಅವನ ವಾದ. ಬಹುಕಾರ್ಯ ಯಂತ್ರವನ್ನು ವಿರೋಧಿಸುವವರಿಗೆ ಇದಕ್ಕಿಂತ ಹಳೆಯ ಸಾಕ್ಷಿ ಸಿಗಲಿಕ್ಕಿಲ್ಲ. ಆದರೆ ಅವನು ಈ ಚಾಕುವನ್ನು ಎಳೆದುತರುವುದು ಯಾತಕ್ಕೆ ಎಂದು ನೋಡಿದರೆ ಕಸಿವಿಸಿಯಾಗುತ್ತದೆ. ಹೆಣ್ಣು ಬೇರೆ, ಗುಲಾಮ ಬೇರೆ, ಇಬ್ಬರಿಗೂ ಪ್ರಕೃತಿ ಬೇರೆಬೇರೆ ಕೆಲಸ ಕೊಟ್ಟಿದೆ ಎಂದು ಸಾಧಿಸುವುದಕ್ಕೆ! ಕೆಲವು ಪುಟ ಮುಂದೆ ಗುಲಾಮನನ್ನು ಜೀವವಿರುವ ಉಪಕರಣ ಎಂದೂ ಕರೆಯುತ್ತಾನೆ. ಚಾಕುವಿನ ಮಾತು ಎಷ್ಟು ಬೇಗ ಮನುಷ್ಯರ ಮಾತಾಗಿಬಿಟ್ಟಿತು ನೋಡಿ. ಡೆಲ್ಫಿಯ ಚಾಕು ಕೊಳ್ಳುತ್ತಿದ್ದವರು ಐದು ಚಾಕು ಕೊಳ್ಳಲು ಶಕ್ತಿಯಿಲ್ಲದವರೇ ಇರಬೇಕು. ಅವರನ್ನು ಜಿಪುಣರೆನ್ನುವುದು ಹೊಟ್ಟೆ ತುಂಬಿದವರ ಮಾತು.

ಆ ಪುಟ ಓದಿದ ಮೇಲೆಯೇ ನನ್ನ ಎಕ್ಸೆಲ್ಲಿನಲ್ಲಿ ಒಂದು ಸಾಲು ಎದ್ದು ಕಂಡದ್ದು. ಹೆಲ್ಪರ್, ಒಬ್ಬ, ದಿನಕ್ಕೆ ಇಷ್ಟು. ಉತ್ತರಪ್ರದೇಶದಿಂದ ಬಂದ ಹತ್ತೊಂಬತ್ತರ ಹುಡುಗ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಿದೆ, ಗಾಲಾದಲ್ಲಿ ಮಾತ್ರ ಛೋಟು. ಯಂತ್ರಕ್ಕೆ ಸಹಿ ಹಾಕುವವರು ಆಚಾರ್ಯರು, ಲೆಕ್ಕ ಹಾಕುವವನು ನಾನು, ಬ್ಲೇಡಿನ ಹತ್ತಿರ ಕೈ ಇಡುವವನು ಅವನು.

ಐದು ಕೆಲಸದ ಯಂತ್ರದಲ್ಲಿ ಅಪಾಯ ಹೆಚ್ಚುವುದಕ್ಕೆ ಒಂದು ಸರಳ ಕಾರಣವಿದೆ. ಒಂದು ಕೆಲಸಕ್ಕೆ ಕಾವಲಾಗಿರುವ ಗಾರ್ಡು ಇನ್ನೊಂದು ಕೆಲಸಕ್ಕೆ ಅಡ್ಡಿ. ಗರಗಸ ಬರೀ ಗರಗಸವಾಗಿದ್ದರೆ ಅದರ ಮೇಲಿನ ಮುಚ್ಚಳ, ಕೊಯ್ದ ಸೀಳು ಬ್ಲೇಡನ್ನು ಕಚ್ಚಿ ಮರ ಹಿಂದಕ್ಕೆ ಎಗರದಂತೆ ತಡೆಯುವ ತಗಡು, ಎರಡೂ ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ. ಇಲ್ಲಿ ದಿನಕ್ಕೆ ಎಂಟು ಸಲ ತೆಗೆದು ಹಾಕಬೇಕು. ಮೂರನೆಯ ದಿನಕ್ಕೆ ಅವು ಗೋಡೆಯ ಮೊಳೆಗೆ ಸೇರುತ್ತವೆ. ನಮ್ಮಲ್ಲಿ ಸಿಗುವ ಹಲವು ಅಗ್ಗದ ಮಾದರಿಗಳಲ್ಲಿ ಎಲ್ಲಕ್ಕೂ ಒಂದೇ ಶಾಫ್ಟು. ನಡುವೆ ರಂಧಾ ತಿರುಗುವಾಗ ತುದಿಯಲ್ಲಿ ಗರಗಸದ ಬ್ಲೇಡೂ ತಿರುಗುತ್ತಲೇ ಇರುತ್ತದೆ, ಯಾರಿಗೂ ಬೇಡದಿದ್ದರೂ. 1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಒಂದು ಪಟ್ಟಿ ಲಗತ್ತಾಗಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14. ಎಕ್ಸೆಲ್ಲಿಗೆ ಹಾಕಲು ಬರುವಂಥ ಅಂಕಿಗಳೇ. ನಾನು ಹಾಕಿಯೂ ನೋಡಿದೆ, ಆಮೇಲೆ ಅಳಿಸಿದೆ. ಛೋಟು ಯಾವ ಪುಸ್ತಕದಲ್ಲೂ ನೌಕರನೆಂದು ದಾಖಲಾಗಿಲ್ಲ, ಆ ಪಟ್ಟಿ ಅವನ ತನಕ ತಲುಪುವುದು ಕಷ್ಟ.

ಧೂಳು, ಸದ್ದಿನ ಮಾತನ್ನು ಬೇಗ ಮುಗಿಸುತ್ತೇನೆ. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಪಟ್ಟಿಮಾಡಿದೆ. ವಸತಿ ಪ್ರದೇಶದಲ್ಲಿ ಹಗಲಿನ ಸದ್ದಿನ ಮಿತಿ 55 ಡೆಸಿಬೆಲ್ ಎಂದು 2000ದ ನಿಯಮ ಹೇಳುತ್ತದೆ. ರಂಧಾ ಅದನ್ನು ಎಷ್ಟೋ ಮೀರುತ್ತದೆ. ಮೇಲಿನ ಮಹಡಿಯವರು ಈ ಖರೀದಿಯಲ್ಲಿ ಪಾಲುದಾರರೇ, ಅವರನ್ನೂ ಯಾರೂ ಕೇಳಿಲ್ಲ.

ಗಾಂಧೀಜಿ 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುತ್ತ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟದ್ದು ಪ್ರಸಿದ್ಧ. ಹೆಂಡತಿ ಕೈಯಲ್ಲಿ ಹೊಲಿದು ಬಳಲುವುದನ್ನು ಕಂಡು ಸಿಂಗರ್ ಅದನ್ನು ಪ್ರೀತಿಯಿಂದ ಮಾಡಿದ ಎಂದು ಅವರ ನಂಬಿಕೆ. ಸಿಂಗರನ ಜೀವನಚರಿತ್ರೆ ಅಷ್ಟು ಮಧುರವಾಗಿಲ್ಲ ಬಿಡಿ. ಆದರೂ ಆ ಕಥೆಯಲ್ಲಿ ಯಂತ್ರ ಯಾರ ಕೈಗೆ ಹೋಗುತ್ತದೋ ಅವರ ಮುಖ ಕಾಣುತ್ತದೆ. ಹಾಗಾಗಿ ಛೋಟುವನ್ನೇ ಕೇಳೋಣ ಎಂದೆ. ಆಚಾರ್ಯರಿಗೆ ನಗು ಬಂತು, ಆದರೆ ಬೇಡ ಅನ್ನಲಿಲ್ಲ.

ಅವನಿಗೆ ಯಂತ್ರ ಬೇಕು! ಹ್ಯಾಂಡ್ ಪ್ಲೇನರ್ ಹಿಡಿದು ಸಂಜೆಯ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ, ಅದು ಒಂದು. ದೊಡ್ಡ ಯಂತ್ರ ಓಡಿಸಲು ಬಂದರೆ ಉಲ್ಲಾಸನಗರದ ಫರ್ನಿಚರ್ ಅಂಗಡಿಗಳಲ್ಲೋ ತಳೋಜಾದ ಫ್ಯಾಕ್ಟರಿಯಲ್ಲೋ ಹೆಚ್ಚು ಸಂಬಳ ಸಿಗುತ್ತದೆ, ಇದು ಇನ್ನೊಂದು. ಮಾಲೀಕರ ಎದುರಿಗೇ ಹೇಳಿದ. ಅವನ ಬೆರಳಿನ ಚಿಂತೆಯಲ್ಲಿ ನಾನು ಬೇಡ ಎಂದು ತೀರ್ಪು ಕೊಟ್ಟಿದ್ದರೆ ಅವನ ಕಸುಬಿನ ದಾರಿಯನ್ನೂ ನಾನೇ ಮುಚ್ಚಿದಂತಾಗುತ್ತಿತ್ತು. ಬೇರೆಯವರ ಕ್ಷೇಮವನ್ನು ಅವರನ್ನು ಕೇಳದೆ ಕಾಯುವುದೂ ಒಂದು ಬಗೆಯ ಯಜಮಾನಿಕೆ. ಹಾಗೆಂದು ಅವನ ಹೌದು ಎಂಬ ಉತ್ತರ ಎಲ್ಲರನ್ನೂ ಬಿಡುಗಡೆ ಮಾಡಿತು ಎಂದೂ ನಾನು ಒಪ್ಪುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಊರಿಗೆ ತಿಂಗಳು ತಿಂಗಳೂ ದುಡ್ಡು ಕಳಿಸುವವನು ಯಾವುದಕ್ಕೆ ಬೇಡ ಅಂದಾನು?

ಸದ್ಯಕ್ಕೆ ಆಗಿರುವುದು ಇಷ್ಟು. ಐದು ಕೆಲಸದ್ದು ಬಿಟ್ಟು, ರಂಧಾ ಮತ್ತು ಥಿಕ್‌ನೆಸರ್ ಎರಡೇ ಇರುವ ಯಂತ್ರದ ದರ ಕೇಳಿದ್ದಾರೆ. ಅದರ ಶಾಫ್ಟಿನ ತುದಿಯಲ್ಲಿ ಬ್ಲೇಡು ಇರಬಾರದು ಎಂಬುದು ಆಚಾರ್ಯರದೇ ಷರತ್ತು. ಉದ್ದದ ಮರವನ್ನು ಟಿಂಬರ್ ಅಂಗಡಿಯಲ್ಲೇ ಅರ್ಧ ಕೊಯ್ಸಿ ತರುವುದು, ಓಣಿಗೆ ಹಲಗೆ ಚಾಚದಿರುವುದು ಎಂದೂ ಮಾತಾಗಿದೆ. ಮೊದಲ ತಿಂಗಳು ಯಂತ್ರದ ಮುಂದೆ ತಾವೇ ನಿಲ್ಲುತ್ತಾರಂತೆ, ಹುಡುಗ ಆಚೆ ಬದಿಯಿಂದ ಮರ ಎಳೆದುಕೊಳ್ಳುತ್ತಾನಂತೆ. ಕಂತು ಶುರುವಾದ ಮೇಲೂ ಈ ಮಾತು ನಿಲ್ಲುತ್ತದೆಯೇ ಎಂದು ಕೇಳಿದೆ. "ಆಗ ನೀವೊಮ್ಮೆ ಬಂದು ಕಾಣಿ" ಅಂದರು.