ನ್ಯಾಸಾಪಹಾರ: ಯುದ್ಧಕಾಲದ ಸುದ್ದಿ ಮತ್ತು ಶ್ರಾವಕನ ಹೊಣೆ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದು ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಬೇಗ ಅರ್ಥವಾಗುವಂಥದು. ಒಬ್ಬನು ಸಾಹುಕಾರನ ಬಳಿ ನೂರು ವರಹಗಳನ್ನು ನಂಬಿಕೆಯ ಮೇಲೆ ಇಟ್ಟು ಪರಸ್ಥಳಕ್ಕೆ ಹೋಗುತ್ತಾನೆ. ಹಲವು ವರ್ಷಗಳ ಮೇಲೆ ಮರಳಿ ಬಂದಾಗ ಲೆಕ್ಕ ಮರೆತುಹೋಗಿದೆ. ‘ನಾನು ಅರವತ್ತು ಇಟ್ಟಿದ್ದೆನಲ್ಲವೆ?’ ಎಂದು ಕೇಳುತ್ತಾನೆ. ಸಾಹುಕಾರನು ‘ಹೌದು, ಅಷ್ಟನ್ನೇ ತೆಗೆದುಕೊಂಡು ಹೋಗು’ ಎನ್ನುತ್ತಾನೆ. ಉಳಿದ ನಲವತ್ತು ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

ನೋಡಿದವರಿಗೆ ಇದು ಕಳ್ಳತನವೆಂದು ತೋರಬಹುದು. ಆದರೂ ಶಾಸ್ತ್ರಕಾರರು ಇದನ್ನು ಅಚೌರ್ಯವ್ರತದ ಕೆಳಗೆ ಇಡದೆ ಸತ್ಯವ್ರತದ ಕೆಳಗೆ ಇಟ್ಟರು. ದೋಷವಿರುವುದು ಆ ‘ಹೌದು’ ಎಂಬ ಮಾತಿನಲ್ಲಿ. ಕೇಳಿದವನ ಮರೆವಿಗೆ ತಕ್ಕಷ್ಟೇ ಸತ್ಯವನ್ನು ಅಳೆದು ಕೊಟ್ಟು, ಉಳಿದುದನ್ನು ಬಚ್ಚಿಡುವುದು ಸುಳ್ಳಿನ ಒಂದು ಜಾತಿ ಎಂದು ಅವರು ಗುರುತಿಸಿದರು. ಯುದ್ಧಕಾಲದಲ್ಲಿ ವಾರ್ತಾಪತ್ರಿಕೆಗಳೂ ಬಾನುಲಿ, ದೂರದರ್ಶನಗಳೂ ಮಾಡುವ ತಪ್ಪನ್ನು ಹೆಸರಿಸಲು ಇದಕ್ಕಿಂತ ಸರಿಯಾದ ಶಬ್ದ ದೊರೆಯಲಾರದು. ನಡೆದ ಸಂಗತಿಯೆಂಬುದು ಜನರು ಪತ್ರಿಕೆಯವರಲ್ಲಿ ಇಟ್ಟ ನ್ಯಾಸ. ಯುದ್ಧದ ಆವೇಶದಲ್ಲಿರುವ ಜನರು ಅರವತ್ತನ್ನೇ ಕೇಳುತ್ತಾರೆ. ತಮ್ಮ ಗೆಲುವು, ಶತ್ರುವಿನ ಕ್ರೌರ್ಯ. ಪತ್ರಿಕೆ ‘ಹೌದು’ ಎಂದು ಅಷ್ಟನ್ನೇ ಎಣಿಸಿ ಕೊಡುತ್ತದೆ.

ಈ ಮಾತಿಗೆ ಉದಾಹರಣೆಯನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಸೂಪಾ ಅಣೆಕಟ್ಟನ್ನು ನೋಡಲು ಗಣೇಶಗುಡಿಗೆ ಬರುವವರು 101 ಮೀಟರ್ ಎತ್ತರದ ಆ ಗೋಡೆಯನ್ನೂ ಕಾಳೀ ನದಿಯ ಹಿನ್ನೀರನ್ನೂ ನೋಡಿ ಹೋಗುತ್ತಾರೆ. ಹಳೆಯ ಸೂಪಾ ಪೇಟೆ ಆ ನೀರಿನಲ್ಲಿ ಮುಳುಗಿದೆ; ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಇದೇ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಘಟ್ಟದ ನೆತ್ತಿಯ ಮೇಲೆ, ಕ್ಯಾಸಲ್‌ರಾಕ್ ಎಂಬ ರೈಲು ನಿಲ್ದಾಣವಿದೆ. 1961ರ ವರೆಗೆ ಭಾರತದ ನೆಲ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನದು ಪೋರ್ಚುಗೀಸರ ಗೋವೆ. ಮುರಗಾಂವ ಬಂದರಿನಿಂದ ಘಟ್ಟವೇರಿ ಬರುವ ಗಾಡಿಗಳ ಸರಕು, ಪ್ರಯಾಣಿಕರ ಗಂಟು ಎಲ್ಲವೂ ಈ ಗಡಿಯಲ್ಲಿ ಸುಂಕದವರ ಕಣ್ಣಿಗೆ ಬೀಳುತ್ತಿದ್ದವು.

1955ರ ಆಗಸ್ಟ್ 15ರಂದು ಗೋವೆಯ ಗಡಿಯನ್ನು ನಿರಾಯುಧರಾಗಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಕೈಯಲ್ಲಿ ಕೋಲೂ ಇಲ್ಲದವರನ್ನು ಕೊಂದ ಆ ದಿನದ ಪಾಪಕ್ಕೆ ಯಾವ ಸಮಾಧಾನವೂ ಇಲ್ಲ. ಅದರ ಬೆನ್ನಿಗೇ ಭಾರತ ಸರಕಾರವು ಗಡಿಯನ್ನು ಮುಚ್ಚಿತು, ರೈಲು ನಿಂತಿತು, ಸರಕಿನ ಸಾಗಣೆಗೆ ತಡೆ ಬಿತ್ತು. ಯುದ್ಧವಿಲ್ಲದೆ ಸಲಾಜಾರನನ್ನು ಬಗ್ಗಿಸುವ ಶಾಂತಿಯುತ ಮಾರ್ಗವಿದು ಎಂದು ದೆಹಲಿಯ ವಿದೇಶಾಂಗ ನೀತಿ ಹೇಳಿತು. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಪಶುವಿನ ಮೇವನ್ನು ತಡೆದರೂ ವ್ರತಕ್ಕೆ ಕಲೆ ಎನ್ನುವ ಧರ್ಮಕ್ಕೆ, ಒಂದು ಪ್ರಾಂತದ ಪೇಟೆಯನ್ನು ಮುಚ್ಚುವುದು ರಕ್ತವಿಲ್ಲದ ಕ್ರಮವಾದರೂ ಹಿಂಸೆಯಿಲ್ಲದ ಕ್ರಮವೆನಿಸದು. ಅದರ ಫಲವೂ ವಿಚಿತ್ರವಾಯಿತು. ಗೋವೆಯ ಸರಕಾರ ಅಕ್ಕಿಯನ್ನು ಪಾಕಿಸ್ತಾನದಿಂದಲೂ ಆಲೂಗಡ್ಡೆಯನ್ನು ಹಾಲೆಂಡಿನಿಂದಲೂ ಸಿಮೆಂಟನ್ನು ಜಪಾನಿನಿಂದಲೂ ತರಿಸಿಕೊಂಡಿತು. ಕಬ್ಬಿಣದ ಅದಿರನ್ನು ಮಾರಿ ಹಣ ಮಾಡಿತು. ಪೆಟ್ಟು ಬಿದ್ದದ್ದು ಮುಂಬಯಿಯಲ್ಲಿ ದುಡಿಯುವ ಮಗನ ಹಣಕ್ಕಾಗಿ ಕಾದು ಕುಳಿತ ಹಳ್ಳಿಯ ತಾಯಿಗೆ. ಇನ್ನೊಂದು ಕಡೆ, ಚಿನ್ನ ಮತ್ತು ಕೈಗಡಿಯಾರಗಳು ಕಾಡುದಾರಿಯಲ್ಲಿ ಇಳಿದು ಬರತೊಡಗಿದವು. ವಿರುದ್ಧರಾಜ್ಯಾತಿಕ್ರಮವೆಂದು ಅಚೌರ್ಯವ್ರತದ ಕೆಳಗೆ ಹೇಳಿರುವ ದೋಷಕ್ಕೆ ವ್ಯಾಪಾರಿಗಳನ್ನು ಎಳೆಯುವ ಆಸೆ ಗಡಿ ಮುಚ್ಚಿದಾಗಲೇ ಹುಟ್ಟುವುದು. ಇದು ಇತಿಹಾಸದಲ್ಲಿ ಎಲ್ಲೆಡೆ ಕಂಡ ಸಂಗತಿ.

ಆ ವರ್ಷದ ನವೆಂಬರ್ 25ರಂದು ಗಡಿಯ ಕಾಡಿನಿಂದ ಒಂದು ಗುಪ್ತ ಬಾನುಲಿ ಮಾತನಾಡತೊಡಗಿತು. ವಾಮನ ಸರದೇಸಾಯಿ, ಲಿಬಿಯಾ ಲೋಬೊ ಮತ್ತು ಅವರ ಸಂಗಡಿಗರು ಅದನ್ನು ಮೊದಲು ಅಂಬೋಲಿಯ ಕಾಡಿನಿಂದ, ಕೆಲಕಾಲದ ಅನಂತರ ಕ್ಯಾಸಲ್‌ರಾಕಿನ ಕಾಡಿನಿಂದ ನಡೆಸಿದರು. ಕೊಂಕಣಿಯಲ್ಲಿಯೂ ಪೋರ್ಚುಗೀಸಿನಲ್ಲಿಯೂ ವಾರ್ತೆ ಹೋಗುತ್ತಿತ್ತು. ಗೋವೆಯ ಪತ್ರಿಕೆಗಳು ಸೆನ್ಸಾರಿನ ಕತ್ತರಿಗೆ ಸಿಕ್ಕಿದ್ದವು. ಆಳುವವರು ಬಚ್ಚಿಟ್ಟದ್ದನ್ನು ಗೋವೆಯ ಮನೆಗಳಿಗೆ ತಲುಪಿಸುವುದೇ ಈ ಬಾನುಲಿಯ ಕೆಲಸ. ಆರು ವರ್ಷ, ಮಳೆ ಮತ್ತು ಜಿಗಣೆಗಳ ನಡುವೆ ಈ ಕೆಲಸ ಸಾಗಿತು. ಅದೂ ಒಂದು ಪಕ್ಷದ ಧ್ವನಿಯೇ ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಅಡಗಿಸಿಟ್ಟ ನ್ಯಾಸವನ್ನು ಅದರ ಒಡೆಯರಿಗೆ ಮರಳಿ ಕೊಡಲು ಪಟ್ಟ ಈ ಶ್ರಮ ಗೋವೆಯ ಬಿಡುಗಡೆಯ ಕಥೆಯಲ್ಲಿ ಬಂದೂಕಿಗಿಂತ ಹೆಚ್ಚಿನ ಗೌರವಕ್ಕೆ ಅರ್ಹ. 2025ರಲ್ಲಿ ಲಿಬಿಯಾ ಲೋಬೊ ಸರದೇಸಾಯಿಯವರಿಗೆ ಪದ್ಮಶ್ರೀ ದೊರೆತಾಗ ಅವರು ನೂರರ ವಯಸ್ಸಿನಲ್ಲಿದ್ದರು.

1961ರ ನವೆಂಬರ್‌ನಲ್ಲಿ ಕಾರವಾರದ ಹತ್ತಿರದ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಹಾರಿಸಿದ ಗುಂಡು ಸಾಬರಮತಿ ಎಂಬ ಪ್ರಯಾಣಿಕರ ಹಡಗಿಗೆ ತಗಲಿತು. ಕೆಲವು ದಿನಗಳ ಮೇಲೆ ಒಬ್ಬ ಮೀನುಗಾರ ಸತ್ತನು. ಇವು ನಡೆದ ಸಂಗತಿಗಳು. ಇವುಗಳ ಸುತ್ತ ಡಿಸೆಂಬರ್ ಮೊದಲ ವಾರಗಳಲ್ಲಿ ನಮ್ಮ ದೇಶದ ಪತ್ರಿಕೆಗಳು ಕಟ್ಟಿದ ಕಥೆ ಬೇರೆ. ಗೋವೆಯಲ್ಲಿ ಭಾರೀ ಸೈನ್ಯ ಜಮಾವಣೆಯಾಗುತ್ತಿದೆ, ಗಡಿಯ ಮೇಲೆ ದಾಳಿಗಳು ನಡೆಯುತ್ತಿವೆ ಎಂಬ ವರದಿಗಳು ದಿನದಿನಕ್ಕೂ ಬೆಳೆದವು. ಅಲ್ಲಿ ಇದ್ದುದು ಸುಮಾರು ಮೂರೂವರೆ ಸಾವಿರ ಸೈನಿಕರು, ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನ ಒಂದೂ ಇರಲಿಲ್ಲ. ಇದಿರಾಗಿ ನಿಂತ ಭಾರತದ ಸೇನೆ ಅದರ ಹತ್ತಾರು ಪಟ್ಟು. ಹೀನಾಧಿಕ ಮಾನೋನ್ಮಾನ ಎಂದರೆ ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ. ಸುದ್ದಿಯ ಅಂಗಡಿಯಲ್ಲಿಯೂ ಆ ತಕ್ಕಡಿಯೇ ತೂಗಿತು.

ಡಿಸೆಂಬರ್ 18ರಂದು ಬೆಳಗಾವಿಯ ಸಾಂಬ್ರಾ ನೆಲೆಯಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ಮರುದಿನ ಎಲ್ಲವೂ ಮುಗಿಯಿತು. ಭಾರತದ 22 ಜನ, ಪೋರ್ಚುಗೀಸರ ಕಡೆ ಸುಮಾರು 30 ಜನ ಸತ್ತರು. ಅಷ್ಟು ಕಡಿಮೆ ಸಾವಿನಲ್ಲಿ ಮುಗಿದದ್ದು ಪುಣ್ಯವೆಂದು ಹೇಳುವುದು ರೂಢಿ. ಸತ್ತವರ ಮನೆಗಳಲ್ಲಿ ಆ ಲೆಕ್ಕ ಬರೆಯುವ ಬಗೆ ಬೇರೆ.

ಪಾಶ್ಚಾತ್ಯ ಪತ್ರಿಕೆಗಳ ನಡತೆ ಇದಕ್ಕಿಂತ ಮೇಲಾಗಿರಲಿಲ್ಲ. ಶಾಂತಿಯ ಬೋಧಕರಾದ ನೆಹರೂ ಅವರು ಆಯುಧ ಹಿಡಿದರೆಂದು ಅವು ಹೀಗಳೆದವು. ಭದ್ರತಾ ಮಂಡಳಿಯಲ್ಲಿ ಭಾರತದ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಏಳು ಮತಗಳು ಬಿದ್ದು, ಸೋವಿಯತ್ ಒಕ್ಕೂಟದ ವಿಟೋದಿಂದ ಅದು ಬಿದ್ದುಹೋಯಿತು. ಆದರೆ ತ್ರಿಸ್ತಾವ ಬ್ರಗಾಂಜಾ ಕುನ್ಹಾ ಅವರನ್ನು 1946ರಲ್ಲಿ ಹಿಡಿದು ಪೋರ್ಚುಗಲ್ಲಿನ ಕೋಟೆಗೆ ಸಾಗಿಸಿದಾಗ, 1955ರಲ್ಲಿ ಸತ್ಯಾಗ್ರಹಿಗಳು ಬಿದ್ದಾಗ, ಆ ಖಂಡನೆಯ ಅರ್ಧದಷ್ಟು ಮಸಿಯನ್ನೂ ಅವು ಖರ್ಚು ಮಾಡಲಿಲ್ಲ. ತಮ್ಮ ಓದುಗರು ಕೇಳಿದ ಅರವತ್ತನ್ನು ಅವೂ ಎಣಿಸಿ ಕೊಟ್ಟವು. ಕೇಳಿದ ಅರವತ್ತು ಮಾತ್ರ ಬೇರೆ.

ಹಾಗಾದರೆ ಆ ಕಾರ್ಯಾಚರಣೆ ಅಧರ್ಮವೆ? ಜೈನ ಗೃಹಸ್ಥನಿಗೆ ವಿರೋಧಿ ಹಿಂಸೆ ಪೂರ್ಣವಾಗಿ ನಿಷಿದ್ಧವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ರಣದಲ್ಲಿ ಎದುರು ನಿಂತವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಅರಸನು ಶಸ್ತ್ರವೆತ್ತಬಹುದೆಂದೂ ದೀನರ ಮೇಲೆ ಎತ್ತಬಾರದೆಂದೂ ಎಲ್ಲೆ ಹಾಕಿದ್ದಾರೆ. ನಾಲ್ಕೂವರೆ ಶತಮಾನಗಳ ಪರಾಧೀನತೆಯನ್ನೂ ಸ್ವಾತಂತ್ರ್ಯಾನಂತರದ ಹದಿನಾಲ್ಕು ವರ್ಷಗಳ ಮಾತುಕತೆಯ ಸೋಲನ್ನೂ ನೋಡಿದರೆ, ಗೋವೆಯ ಕಾರ್ಯಾಚರಣೆ ಈ ಎಲ್ಲೆಯೊಳಗೆ ಬರುತ್ತದೆಂದು ವಾದಿಸಲು ಸಾಧ್ಯವಿದೆ. ಅದು ದುರ್ಬಲವಾದ ವಾದವೂ ಅಲ್ಲ. ರಾಜಾಜಿಯವರು ಮಾತ್ರ ಅಂದೇ ಒಪ್ಪಲಿಲ್ಲ. ಬಲಪ್ರಯೋಗವನ್ನು ಖಂಡಿಸುವ ನೈತಿಕ ಶಕ್ತಿಯನ್ನು ಭಾರತ ಕಳೆದುಕೊಂಡಿತೆಂದು ಬರೆದರು. ವಿಜಯೋತ್ಸವದ ನಡುವೆ ಹಾಗೆ ಬರೆಯಲು ಧೈರ್ಯ ಬೇಕಾಗಿತ್ತು. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿಲ್ಲುತ್ತದೆ: ಅನಿವಾರ್ಯವಾದ ಹಿಂಸೆಯೂ ಹಿಂಸೆಯೇ ಎಂದು ಒಪ್ಪಿ ಮಾಡುವುದು ಬೇರೆ, ಅದನ್ನು ಉತ್ಸವವೆಂದು ಮಾರುವುದು ಬೇರೆ. ವಾದ ಗಟ್ಟಿಯಾಗಿದ್ದರೆ ಮೂರೂವರೆ ಸಾವಿರವನ್ನು ಮೂರೂವರೆ ಸಾವಿರವೆಂದೇ ಬರೆಯಲು ಅಂಜಿಕೆ ಏಕೆ?

ಆದಿಪುರಾಣದ ಭರತ-ಬಾಹುಬಲಿಗಳ ಪ್ರಸಂಗದಲ್ಲಿ ಸೇನೆಗಳೆರಡೂ ಎದುರುಬದುರು ನಿಂತಾಗ ಮಂತ್ರಿಗಳು ಒಂದು ಯೋಚನೆ ಮಾಡುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಅವರಿಗೆ ಯುದ್ಧದಲ್ಲಿ ಸಾವಿಲ್ಲ, ಸಾಯುವವರು ಪದಾತಿಗಳು ಮಾತ್ರ. ಆದ್ದರಿಂದ ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳನ್ನು ಅವರಿಬ್ಬರೇ ಮಾಡಲೆಂದು ಒಪ್ಪಿಸುತ್ತಾರೆ. ಪ್ರವಚನಗಳಲ್ಲಿ ಬಾಹುಬಲಿಯ ವೈರಾಗ್ಯವನ್ನು ವಿಸ್ತರಿಸುವಷ್ಟು ಈ ಮಂತ್ರಿಗಳ ವಿವೇಕವನ್ನು ವಿಸ್ತರಿಸುವುದಿಲ್ಲ. ಯುದ್ಧವನ್ನು ಘೋಷಿಸುವವರಿಗೆ ಯುದ್ಧದಲ್ಲಿ ಸಾವಿಲ್ಲವೆಂಬ ಲೆಕ್ಕವನ್ನು ರಾಜಸಭೆಯಲ್ಲಿಯೇ ಬಾಯಿಬಿಟ್ಟು ಹೇಳಿದವರು ಅವರು.

ಓದುಗನ ಹೊಣೆಯ ಮಾತು ಇನ್ನೂ ಸೂಕ್ಷ್ಮವಾದುದು. ಜಪಮಾಲೆಯ 108 ಮಣಿಗಳ ಲೆಕ್ಕ ಶ್ರಾವಕರಿಗೆ ತಿಳಿದದ್ದೇ. ಸಂರಂಭ, ಸಮಾರಂಭ, ಆರಂಭ ಮೂರು, ಮನ, ವಚನ, ಕಾಯ ಮೂರು, ಕೃತ, ಕಾರಿತ, ಅನುಮತ ಮೂರು, ಕಷಾಯ ನಾಲ್ಕು. ಗುಣಿಸಿದರೆ 108. ಇವುಗಳಲ್ಲಿ ಅನುಮತಕ್ಕೆ, ಅಂದರೆ ಪರರು ಮಾಡಿದ್ದಕ್ಕೆ ಒಪ್ಪಿ ತಲೆದೂಗುವುದಕ್ಕೆ, ಸೇರಿದವು 36. ಮೂರರಲ್ಲಿ ಒಂದು ಪಾಲು! ತಾನು ಬಂದೂಕು ಮುಟ್ಟಿಲ್ಲವೆಂದು ಜಗುಲಿಯ ಮೇಲೆ ಕುಳಿತು ಪತ್ರಿಕೆ ಓದಿ ಹಿಗ್ಗುವವನ ಖಾತೆಗೆ ಶಾಸ್ತ್ರ ಇಷ್ಟನ್ನು ಬರೆಯುತ್ತದೆ. ಅನರ್ಥದಂಡಗಳಲ್ಲಿ ಸಮಂತಭದ್ರಸ್ವಾಮಿಗಳು ಹೇಳಿದ ದುಃಶ್ರುತಿಯೂ ಇದೇ ಜಾತಿಯದು. ಚಿತ್ತವನ್ನು ಕದಡುವ ಕಥೆಗಳಿಗೆ ಕಿವಿಗೊಡುವುದೇ ದೋಷ.

2003ರಲ್ಲಿ ಇರಾಕಿನ ಮೇಲೆ ಅಮೆರಿಕ ಯುದ್ಧಕ್ಕೆ ಹೋದಾಗ, ಅಲ್ಲಿ ಸರ್ವನಾಶದ ಆಯುಧಗಳಿವೆಯೆಂದು ದೊಡ್ಡ ಪತ್ರಿಕೆಗಳು ಸಾರಿದವು. ಆಯುಧಗಳು ಸಿಗಲಿಲ್ಲ. ತಮ್ಮ ವರದಿಗಳಲ್ಲಿ ಸಾಕಷ್ಟು ಪರಿಶೀಲನೆ ಇರಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಬಾಗದಾದಿನಲ್ಲಿ ಸತ್ತವರು ಸತ್ತಾಗಿತ್ತು. ನಮ್ಮಲ್ಲಿಯೂ 2025ರ ಮೇ 8ರ ರಾತ್ರಿ, ಭಾರತ-ಪಾಕಿಸ್ತಾನಗಳ ಸಂಘರ್ಷದ ನಡುವೆ, ನೌಕಾಪಡೆಯು ಕರಾಚಿ ಬಂದರನ್ನು ಹೊಡೆದು ಹಾಕಿತೆಂದು ಹಲವು ದೂರದರ್ಶನ ವಾಹಿನಿಗಳು ಕೂಗಿದವು. ಅಂಥದೇನೂ ನಡೆದಿರಲಿಲ್ಲ. ಪಹಲಗಾಮಿನಲ್ಲಿ ನಿರಪರಾಧಿಗಳನ್ನು ಕೊಂದವರ ಪಾಪ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆ ರಾತ್ರಿ ಮನೆಮನೆಗಳಲ್ಲಿ, ಸಂಜೆ ಪ್ರತಿಕ್ರಮಣ ಮುಗಿಸಿದ ಮನೆಗಳಲ್ಲಿಯೂ, ಒಂದು ಊರು ಉರಿಯುತ್ತಿದೆಯೆಂದು ಸಂತೋಷಪಟ್ಟವರಿದ್ದರು. ಊರು ಉರಿಯಲಿಲ್ಲ. ಅನುಮೋದನೆ ಮಾತ್ರ ನಡೆದುಹೋಯಿತು. ದ್ರವ್ಯಹಿಂಸೆಯಿಲ್ಲದೆ ಭಾವಹಿಂಸೆ ಮಾತ್ರ ಕಟ್ಟಿಕೊಂಡ ಇಂಥ ಪ್ರಸಂಗ ಶಾಸ್ತ್ರಪಾಠಕ್ಕೆ ಹೇಳಿ ಮಾಡಿಸಿದಂತಿದೆ.

ಪದಗಳ ತೂಕದಲ್ಲಿಯೂ ಎಚ್ಚರ ಬೇಕು. ಗಣೇಶಗುಡಿಯಿಂದ ದಾಂಡೇಲಿ, ಹಳಿಯಾಳಗಳನ್ನು ದಾಟಿದರೆ ಮುಂಡಗೋಡ. ಅಲ್ಲಿ 1966ರಿಂದ ಟಿಬೇಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರ ನಾಡಿನಲ್ಲಿ ನಡೆದುದನ್ನು ಚೀನದ ಸರಕಾರೀ ಪತ್ರಿಕೆಗಳು ಶಾಂತಿಯುತ ವಿಮೋಚನೆ ಎಂದು ಕರೆದವು. ಗೋವೆಯಲ್ಲಿ ನಡೆದುದಕ್ಕೂ ವಿಮೋಚನೆ ಎಂದೇ ಹೆಸರು. ಎರಡೂ ಒಂದೇ ಎಂದಲ್ಲ. ಗೋವೆಯ ಜನ ತಮ್ಮ ಮನೆಗಳಲ್ಲಿಯೇ ಉಳಿದರು, ಮತದಾರರಾದರು. ಆದರೆ ಪದವೊಂದರಿಂದಲೇ ಈ ವ್ಯತ್ಯಾಸ ತಿಳಿಯುವುದಿಲ್ಲ. ಯಾರು ಮನೆಯಲ್ಲಿ ಉಳಿದರು, ಯಾರು ಓಡಬೇಕಾಯಿತು ಎಂದು ಕೇಳಿದಾಗಲೇ ತಿಳಿಯುವುದು.

ಬಸದಿಗಳ ಟ್ರಸ್ಟಿನವರು ವಾಚನಾಲಯಗಳಿಗೆ ಪತ್ರಿಕೆ ತರಿಸುವಾಗ ಒಂದೇ ಧ್ವನಿಯ ನಾಲ್ಕು ಪತ್ರಿಕೆಗಳ ಬದಲು ಭಿನ್ನ ಧ್ವನಿಯ ಎರಡನ್ನು ತರಿಸಿದರೆ ಖರ್ಚೂ ಕಡಿಮೆ, ಅನೇಕಾಂತದ ಅಭ್ಯಾಸವೂ ಆದೀತು.

1961ರ ಲೆಕ್ಕದಲ್ಲಿ ಕೊಡದೆ ಉಳಿಸಿಕೊಂಡ ನಲವತ್ತರಲ್ಲಿ ಇಬ್ಬರು ಮನುಷ್ಯರಿದ್ದಾರೆ. ಒಬ್ಬರು ಮೋಹನ ರಾನಡೆ. 1955ರಲ್ಲಿ ಸೆರೆಸಿಕ್ಕ ಅವರು ಗೋವೆ ಸ್ವತಂತ್ರವಾದ ಮೇಲೆಯೂ ಪೋರ್ಚುಗಲ್ಲಿನ ಸೆರೆಯಲ್ಲಿಯೇ ಉಳಿದು, 1969ರಲ್ಲಿ ಹೊರಬಂದರು. ವಿಜಯದ ಸುದ್ದಿಯ ಕೆಳಗೆ ಅವರ ಹೆಸರು ಎಷ್ಟೋ ವರ್ಷ ಮುಚ್ಚಿಹೋಗಿತ್ತು. ಇನ್ನೊಬ್ಬರು ಶತ್ರುಪಕ್ಷದವರು, ಗೋವೆಯ ಕಡೆಯ ಗವರ್ನರ್ ಜನರಲ್ ವಾಸಾಲು ಇ ಸಿಲ್ವಾ. ಕೊನೆಯ ಸೈನಿಕನ ವರೆಗೆ ಕಾದಾಡಬೇಕು, ಶರಣಾಗತಿ ಕೂಡದು ಎಂದು ಲಿಸ್ಬನ್ನಿನಿಂದ ಸಲಾಜಾರನ ಆಜ್ಞೆ ಬಂದಿತ್ತು. ಆತನು ಅದನ್ನು ಪಾಲಿಸಲಿಲ್ಲ. ಪಟ್ಟಣಗಳನ್ನು ಹಾಳುಗೆಡವದೆ, ತನ್ನ ಸೈನಿಕರನ್ನು ಸಾಯಗೊಡದೆ, ಡಿಸೆಂಬರ್ 19ರ ಸಂಜೆ ಶರಣಾದನು. ಗೋವೆಯಲ್ಲಿ ಸಾವಿನ ಸಂಖ್ಯೆ ಚಿಕ್ಕದಾಗಲು ಭಾರತದ ಸೇನೆಯ ಸಂಯಮದಷ್ಟೇ ಈ ಅವಿಧೇಯತೆಯೂ ಕಾರಣ. ಅಂದಿನ ನಮ್ಮ ಪತ್ರಿಕೆಗಳಿಗೆ ಆತನು ಸೋತ ಸೇನಾನಿ ಮಾತ್ರ. ಆತನ ದೇಶಕ್ಕೆ ದ್ರೋಹಿ. ಊರಿಗೆ ಮರಳಿದ ಮೇಲೆ 1963ರಲ್ಲಿ ಅವನನ್ನು ಸೈನ್ಯದಿಂದ ಹೊರಹಾಕಿದರು. 1974ರಲ್ಲಿ ಸರ್ವಾಧಿಕಾರ ಬಿದ್ದ ಮೇಲೆ ಮಾನ ಮರಳಿ ಬಂತು. 1980ರಲ್ಲಿ ಆ ವೃದ್ಧನು ಗೋವೆಯನ್ನು ನೋಡಲು ಬಂದಾಗ ಅಲ್ಲಿಯ ಜನ ಅವನನ್ನು ಆದರದಿಂದ ಬರಮಾಡಿಕೊಂಡರು.