ಮಾತು ಬಿಡದವನಿಗೆ

ಮಂಜುನಾಥ ಸ್ವಾಮಿ, ನಿನ್ನನ್ನು ಮಾತು ಬಿಡದವನು ಅನ್ನುತ್ತಾರೆ. ಅದಕ್ಕೇ ನಮ್ಮ ಕಡೆ ಕುಡಿಯುವವರಿಂದ ನಿನ್ನ ಹೆಸರಿನಲ್ಲೇ ಆಣೆ ಹಾಕಿಸುತ್ತಾರೆ. ನನ್ನ ತಮ್ಮ ಕರ್ಪೂರ ಮುಟ್ಟಿ ಆಣೆ ಮಾಡಿದ, ಅಮ್ಮನ ತಲೆ ಮುಟ್ಟಿ ಮಾಡಿದ, ಮಗಳ ತಲೆ ಮುಟ್ಟಿಯೂ ಮಾಡಿದ. ಅಯ್ಯಪ್ಪನ ಮಾಲೆ ಹಾಕಿದ ವರ್ಷಗಳಲ್ಲಿ 41 ದಿನದ ವ್ರತ ತಪ್ಪಲಿಲ್ಲ. ಮಾಲೆ ತೆಗೆದ ಸಂಜೆಯೇ ಬಾಟಲಿ ಬಂತು. ಆ ಆಣೆಗಳು ಮಾಡುವ ಹೊತ್ತಿನಲ್ಲಿ ಸುಳ್ಳಾಗಿರಲಿಲ್ಲ ಸ್ವಾಮಿ. ಆದರೆ ಮುರಿದ ಮೇಲೆ ಒಂದೊಂದೂ ಅವನ ಎದೆ ಮೇಲೆ ಕೂತಿತು, ನಿನ್ನ ಫೋಟೋದ ಎದುರು ನಿಲ್ಲಲಾರದಂತೆ ಮಾಡಿತು. ಬಾಕಿ ಉಳಿದ ಆಣೆಗಳನ್ನೆಲ್ಲ ಮನ್ನಾ ಮಾಡು. ಈ ಸಲ ನಾನು ಹೊಸ ಆಣೆ ಹೊತ್ತು ಬಂದಿಲ್ಲ.

ಮೊದಲು ಆಸ್ಪತ್ರೆಯವರ ಪರವಾಗಿ ಕೈ ಮುಗಿಯುತ್ತೇನೆ. ವರ್ಷಗಟ್ಟಲೆ ದಿನವಿಡೀ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದವರೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ. ಎಷ್ಟೋ ಮನೆಗಳಲ್ಲಿ ಅದನ್ನು ಗಾಳಿ ಸೋಕಿದ್ದು ಅಂದುಕೊಂಡು ತಾಯಿತ ಕಟ್ಟುತ್ತಾರೆ. ನಿನ್ನ ಹೆಸರು ಹೇಳಿ ರಾತ್ರೋರಾತ್ರಿ ಬಿಡಲು ಹೊರಟವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸು. ಊಟದಲ್ಲಿ ಗುಟ್ಟಾಗಿ ಬೆರೆಸಲು ಪುಡಿ ಮಾರುವವರಿಂದ ಹೆಂಗಸರನ್ನು ಕಾಪಾಡು.

ತಮ್ಮನನ್ನು ನೋಡಿದ ಡಾಕ್ಟರೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಕುಡುಕರೇ ಸೇರುವ ಎಎ ಗುಂಪಿನ ನಂಬರು ಬರೆದುಕೊಟ್ಟರು. ಫೋನ್ ಎತ್ತಿದವರು ಜಾತಿ, ಕೆಲಸ, ಸಂಬಳ ಯಾವುದನ್ನೂ ಕೇಳಲಿಲ್ಲ. “ಅವರಿಗೆ ಬಿಡಬೇಕು ಅಂತ ಆಸೆ ಇದೆಯಾ ಅಕ್ಕ? ಅಷ್ಟಿದ್ರೆ ಸಾಕು. ಫೋನ್ ಅವರಿಗೇ ಕೊಡಿ, ನಾನೂ ಕುಡೀತಿದ್ದವನೇ” ಅಂದರು. ತಮ್ಮ ಹಿತ್ತಲಿಗೆ ಹೋಗಿ ತುಂಬ ಹೊತ್ತು ಮಾತಾಡಿದ. ಮನೆಯವರ ಹತ್ತಿರ ಅಷ್ಟು ಮಾತು ಅವನು ಆಡಿದ್ದೇ ಇಲ್ಲ. ಆ ನಂಬರು ಸಿಗದವರಿಗೆ ಸರ್ಕಾರದ ಸಹಾಯವಾಣಿ 14446 ಆದರೂ ನೆನಪಾಗಲಿ. ಅದಕ್ಕೆ ದುಡ್ಡು ಬೀಳುವುದಿಲ್ಲ.

ಮನೆಯವರೂ ಬರಬಹುದಾದ ಮೀಟಿಂಗಿಗೆ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದ. ಚರ್ಚಿನ ಆವರಣದ ಒಂದು ಕೋಣೆ, ಸ್ಕೂಲಿನ ಬೆಂಚು, ಟೀ. ಮಾತಾಡುವವರು ಹೆಸರು ಹೇಳಿ ತಾನು ಆಲ್ಕೋಹಾಲಿಕ್ ಅನ್ನುತ್ತಾರೆ. ಉಳಿದವರು ಆ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಯಾರು ಏನು ಹೇಳಿದರೆಂದು ನಿನ್ನ ಮುಂದೆಯೂ ಹೇಳಲಾರೆ. ಅಲ್ಲಿಯ ಮಾತು ಅಲ್ಲೇ ಉಳಿಯುತ್ತದೆ ಎಂಬ ನಂಬಿಕೆಯ ಮೇಲೇ ಆ ಕೋಣೆ ನಿಂತಿದೆ. ಖರ್ಚಿಗೆ ಡಬ್ಬಿ ಸುತ್ತು ಬಂತು. ನಾನು ಪರ್ಸು ತೆಗೆದರೆ ಬೇಡವೆಂದರು. ಹೊರಗಿನವರ ದುಡ್ಡು ಅವರು ಮುಟ್ಟುವುದಿಲ್ಲ. ದೇವರ ಮಾತು ಬಂತು, ಯಾವ ದೇವರು ಅನ್ನಲಿಲ್ಲ; ಅವರವರಿಗೆ ತಿಳಿದ ದೇವರು. ನೀನೂ ಅಲ್ಲಿ ಹೆಸರು ಹೇಳಿಕೊಳ್ಳದೆ ಕೂತಿದ್ದೆ ಎಂದು ನಂಬಿದ್ದೇನೆ.

ಒಬ್ಬರೂ ಆಣೆ ಮಾಡಲಿಲ್ಲ ಸ್ವಾಮಿ. ಜನ್ಮದಲ್ಲಿ ಕುಡಿಯುವುದಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಇವತ್ತು ಮಲಗುವವರೆಗೆ ಕುಡಿಯುವುದಿಲ್ಲ, ನಾಳೆಯದು ನಾಳೆ. ಇಷ್ಟು ಚಿಕ್ಕ ಮಾತಾದರೆ ನನ್ನ ತಮ್ಮನೂ ಉಳಿಸಿಕೊಳ್ಳಬಲ್ಲ.

ಈ ಎಎ ಹುಟ್ಟಿದ ಕಥೆ ಕೇಳಿದ ಮೇಲೆ ನನಗೆ ಇನ್ನೊಂದು ತಿಳಿಯಿತು. 1935ರಲ್ಲಿ ಬಿಲ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಆಕ್ರನ್ ಊರಿಗೆ ಬಂದು, ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಂಟಿಯಾದಾಗ ಬಾರು ಕರೆಯಿತು. ಆಗ ಅವರು ಹುಡುಕಿದ್ದು ತನ್ನಂಥ ಇನ್ನೊಬ್ಬ ಕುಡುಕರನ್ನು. ಸಿಕ್ಕವರು ಬಾಬ್ ಎಂಬ ಸರ್ಜನ್. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ಹುಟ್ಟಿದ ದಿನ ಅನ್ನುತ್ತಾರೆ. ಬಾಬ್‌ಗೆ ಬುದ್ಧಿ ಹೇಳಲು ಬಿಲ್ ಹೋಗಿರಲಿಲ್ಲ. ತಾನು ಉಳಿಯಲು ಅವರಿಗೆ ಬಾಬ್ ಬೇಕಾಗಿದ್ದರು. ಹಾಗಾದರೆ ನನ್ನ ತಮ್ಮ ಆ ಬೆಂಚಿನ ಮೇಲೆ ಕೂತರೆ ಪಕ್ಕದಲ್ಲಿ ಕೂತವರಿಗೂ ಅದು ಆಸರೆ. ಎಷ್ಟೋ ವರ್ಷಗಳ ಮೇಲೆ ಅವನು ಯಾರಿಗೋ ಬೇಕಾದವನಾಗಿದ್ದಾನೆ. ಇದಕ್ಕಿಂತ ದೊಡ್ಡ ಪ್ರಸಾದ ನಮ್ಮ ಮನೆಗೆ ಬಂದಿಲ್ಲ.

ನಾನೂ ಈಗ ಮನೆಯವರಿಗೆಂದೇ ಇರುವ ಅಲ್-ಅನಾನ್ ಗುಂಪಿಗೆ ಹೋಗುತ್ತೇನೆ. ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಗೆಳತಿ 1951ರಲ್ಲಿ ಕಟ್ಟಿದ ಗುಂಪು ಅದು. ಅಮ್ಮನನ್ನೂ ಅಲ್ಲಿಗೆ ಬರುವಂತೆ ಮಾಡು. ಅವನು ಬಾಗಿಲು ದಾಟಿದ ಕೂಡಲೇ ಬಾಯಿ ಮೂಸಿ ನೋಡುವ ಅವಳ ಸಂಕಟ ಇಳಿಯಲಿ.

ನಿನ್ನ ಕ್ಷೇತ್ರದಿಂದಲೇ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಬಿಟ್ಟವರು ಆಮೇಲೂ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಆ ಸೇರುವುದು ನಿಲ್ಲದಿರಲಿ. ಶಿಬಿರದ ಕೊನೆಯ ದಿನ ಹಾಕಿದ ಹಾರ ಬಾಡಿದ ಮೇಲೆಯೇ ನಿಜವಾದ ಕಷ್ಟ ಶುರುವಾಗುವುದು. ಕುಡಿತಕ್ಕೆ ಸಿಕ್ಕ ಹೆಂಗಸರನ್ನೂ ಮರೆಯಬೇಡ. ಗಂಡಸು ಮೀಟಿಂಗಿಗೆ ಹೋದರೆ ಸುಧಾರಿಸಿದ ಅನ್ನುವ ಊರು, ಹೆಂಗಸು ಹೋದರೆ ಕುಡಿಯುತ್ತಿದ್ದಳಂತೆ ಅನ್ನುತ್ತದೆ. ಅವರಿಗೆ ಅವರದೇ ಕೋಣೆ, ಅವರದೇ ಹೊತ್ತು ಒದಗಿಸು.

ತಮ್ಮ ಮತ್ತೆ ಕುಡಿದಾನು. ಆ ಭಯವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹಾಗಾದರೆ ಮಾರನೆಯ ಸಂಜೆಯೇ ಅದೇ ಬೆಂಚಿಗೆ ಹೋಗುವ ಧೈರ್ಯ ಕೊಡು. ಅಲ್ಲಿ ಯಾರೂ ಯಾಕೆ ಬಂದೆ ಅನ್ನುವುದಿಲ್ಲ. ಸದ್ಯಕ್ಕೆ ಒಂದು ಸಣ್ಣ ತೊಂದರೆ ಇದೆ. ಈ ವಾರ ಫ್ಯಾಕ್ಟರಿಯಲ್ಲಿ ಅವನಿಗೆ ಸೆಕೆಂಡ್ ಶಿಫ್ಟ್ ಬಿದ್ದಿದೆ, ಗುರುವಾರದ ಮೀಟಿಂಗ್ ತಪ್ಪುತ್ತದೆ. ಶಿಫ್ಟ್ ಬದಲಿಸಿಕೊಳ್ಳುವವರು ಒಬ್ಬರು ಸಿಗಲಿ, ಸ್ವಾಮಿ.